ಹುಲ್ಲಲ್ಲದ ಹುಲ್ಲು: ಒಂದು ಈರುಳ್ಳಿ ಹೊಲದ ಕಳೆ ಪ್ರಕರಣ

ದೂರು

"ಹುಲ್ಲಿನ ಔಷಧಿ ಹೊಡೆದು ಹನ್ನೆರಡು ದಿನವಾಯಿತು, ಹುಲ್ಲು ನನ್ನನ್ನೇ ನೋಡಿ ನಗುತ್ತಿದೆ. ಅಂಗಡಿಯವನು ನಕಲಿ ಮಾಲು ಕೊಟ್ಟಿದ್ದಾನೆ. ನಾಳೆ ಹೋಗಿ ಅವನ ಕಟ್ಟೆಯ ಮೇಲೇ ಕೂರುತ್ತೇನೆ." ಚಿಕ್ಕಪ್ಪ ಹೀಗೆ ಫೋನಿನಲ್ಲಿ ಕೂಗಾಡಿದ್ದು ಮೂರು ವರ್ಷದ ಹಿಂದಿನ ಆಗಸ್ಟ್‌ನಲ್ಲಿ. ಚಳ್ಳಕೆರೆ ಸೀಮೆಯಲ್ಲಿ ಅವರದು ಎರಡು ಎಕರೆ ಈರುಳ್ಳಿ. ಜೂನ್ ಕೊನೆಗೆ ಬಿತ್ತಿದ್ದು, ಪೈರಿಗೆ ಆಗ ನಲವತ್ತು ದಿನ ದಾಟಿತ್ತು. ನಾನು ಕೃಷಿ ಡಿಪ್ಲೊಮಾ ಓದಿದವನು. ಈ ಒಂದೇ ಕಾರಣಕ್ಕೆ ನಮ್ಮ ಬಳಗದಲ್ಲಿ ಯಾರ ಬೆಳೆಗೆ ಏನು ಬಂದರೂ ಮೊದಲ ಕರೆ ನನಗೆ, ಬೈಗುಳವೂ ನನಗೆ.

ಫೋಟೋ ಕಳಿಸು ಎಂದೆ. ಏಳು ಫೋಟೋ ಬಂದವು. ಏಳರಲ್ಲೂ ಹಸಿರು ಕಂಬಳಿ ಹಾಸಿದ ಹಾಗಿತ್ತು. ನಿಂತಲ್ಲಿಂದ ಮೊಬೈಲ್ ಬಗ್ಗಿಸಿ ತೆಗೆದ ಚಿತ್ರದಲ್ಲಿ ಕಳೆ ಯಾವುದೆಂದು ಹೇಳುವುದು ಜಾತ್ರೆಯ ಜನರನ್ನು ಗೋಪುರದ ಮೇಲಿನಿಂದ ನೋಡಿ ಗುರುತಿಸಿದ ಹಾಗೆ: ತಲೆ ಕಾಣುತ್ತದೆ, ಮುಖ ಕಾಣುವುದಿಲ್ಲ. ಹುಲ್ಲಿನಂಥ ಕಳೆಗಳ ಮುಖ ಇರುವುದು ಬುಡದಲ್ಲಿ. ಆಮೇಲೆ ಗೊತ್ತಾದದ್ದು, ಈ ಕಳೆಯ ಅಸಲು ಮುಖ ಬುಡಕ್ಕಿಂತಲೂ ಇನ್ನೂ ಅರ್ಧ ಅಡಿ ಕೆಳಗಿತ್ತು. "ನಾನು ಬರುವ ತನಕ ಅಂಗಡಿಯವರ ಜೊತೆ ಜಗಳ ಬೇಡ" ಎಂದು ಹೇಳಿ ಭಾನುವಾರದ ಬಸ್ಸು ಹಿಡಿದೆ.

ಹೊಲದಲ್ಲಿ ಕಂಡದ್ದು

ಮೊದಲು ಔಷಧಿಯ ಡಬ್ಬಿ ನೋಡಿದೆ. ಕ್ವಿಜಾಲೋಫಾಪ್ ಈಥೈಲ್, 5 ಇ.ಸಿ., ಅಂದರೆ ನೀರಿಗೆ ಕಲಸಿ ಹೊಡೆಯುವ ಶೇಕಡಾ ಐದರ ದ್ರಾವಣ. ಈರುಳ್ಳಿ, ಶೇಂಗಾ, ಹತ್ತಿಯ ಹೊಲಗಳಲ್ಲಿ ಹುಲ್ಲು ಕಳೆಗೆ ಹೊಡೆಯುವ ಔಷಧಿ. ಅದು ನಕಲಿಯೋ ಅಸಲಿಯೋ ಎಂಬುದನ್ನು ಡಬ್ಬಿ ಹೇಳುವುದಿಲ್ಲ, ಹೊಲವೇ ಹೇಳಬೇಕು. ಹಾಗಾಗಿ ಹೊಲದ ನಡುವಿಗೆ ಹೋಗುವ ಬದಲು ಬದುವಿನ ಅಂಚಿನಲ್ಲೇ ಕುಕ್ಕರಗಾಲಲ್ಲಿ ಕೂತೆ.

ಅಲ್ಲಿ ಗರಿಕೆ ಇತ್ತು. ಮೇಲಿನ ಗರಿಗಳು ಹಳದಿಗೆ ತಿರುಗಿದ್ದವು, ಅಲ್ಲಲ್ಲಿ ನೇರಳೆ ಛಾಯೆ. ಸುಳಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದೆ. ಹಾಲಲ್ಲಿ ನೆನೆದ ರೊಟ್ಟಿಯಂತೆ ಸಲೀಸಾಗಿ ಬಂತು. ಬುಡ ಕಂದು ಬಣ್ಣಕ್ಕೆ ಕೊಳೆತಿತ್ತು. ಅದರ ಪಕ್ಕದಲ್ಲೇ ಎರಡು ಬುಡ ಕಾಡುರಾಗಿ. ಅದು ರಾಗಿಯ ಹಾಗೇ ಕಾಣುವ, ಆದರೆ ಬುಡ ಚಪ್ಪಟೆಯಾಗಿ ಬೆಳ್ಳಗಿರುವ, ಕಿತ್ತರೆ ಅಂಗೈ ಉರಿಯುವಷ್ಟು ಗಟ್ಟಿ ಬೇರಿನ ಹುಲ್ಲು. ಅದರ ಸುಳಿಯೂ ಕೊಳೆತಿತ್ತು. ಔಷಧಿ ಅಸಲಿ ಎಂಬುದಕ್ಕೆ ಇಷ್ಟು ಸಾಕು. ಈ ಔಷಧಿ ಎಲೆಯನ್ನು ಸುಡುವುದಿಲ್ಲ. ಗಿಡ ಚಿಗುರುವ ಜಾಗದಲ್ಲಿ ಕೊಬ್ಬಿನಂಶ ತಯಾರಾಗುವುದನ್ನು ನಿಲ್ಲಿಸುತ್ತದೆ. ಆದ್ದರಿಂದ ಸಾವು ಸುಳಿಯಿಂದ ಶುರುವಾಗುತ್ತದೆ, ಹೊರಗೆ ಕಾಣಲು ವಾರ, ಹತ್ತು ದಿನ ಬೇಕು.

"ಚಿಕ್ಕಪ್ಪ, ಅಂಗಡಿಯವನ ತಪ್ಪಲ್ಲ" ಎಂದೆ. ಅವರು ಹೊಲದ ನಡುವಿಗೆ ಕೈ ತೋರಿಸಿದರು. ಅಲ್ಲಿ ಈರುಳ್ಳಿಗಿಂತ ಎತ್ತರಕ್ಕೆ, ಎಣ್ಣೆ ಸವರಿದ ಹಾಗೆ ಹೊಳೆಯುತ್ತ, ಒಂದು ಗರಿಯೂ ಬಾಡದ ಹಸಿರು. ಕೆಲವು ಕಡೆ ಹೂವಿನ ತೆನೆಯೂ ಬಂದಿತ್ತು: ದಂಟಿನ ತುದಿಯಲ್ಲಿ ಕೊಡೆಯ ಕಡ್ಡಿಗಳಂತೆ ಹರಡಿದ, ಕಂದುಗೆಂಪಿನ ಸಣ್ಣ ಸಣ್ಣ ಕದಿರು.

ಒಂದು ಹೂದಂಟು ಕಿತ್ತು ಅವರ ಕೈಗೆ ಕೊಟ್ಟು, ಹೆಬ್ಬೆರಳು ತೋರುಬೆರಳ ನಡುವೆ ಹೊರಳಿಸಿ ಎಂದೆ. ಹೊರಳಲಿಲ್ಲ. ಒಂದು ಸುತ್ತಿಗೆ ಮೂರು ಸಲ ಏಣು ತಾಗಿ ತಡೆಯಿತು. ಬ್ಲೇಡಿನಿಂದ ಅಡ್ಡ ಕೊಯ್ದು ತೋರಿಸಿದೆ: ಮುಕ್ಕೋನಾಕಾರ, ಒಳಗೆ ಪೊಳ್ಳಿಲ್ಲ, ತುಂಬ ಬಿಳಿ ತಿರುಳು. ಬುಡದಿಂದ ತುದಿಯ ತನಕ ಬೆರಳಾಡಿಸಿದರೂ ಒಂದು ಗೆಣ್ಣಿಲ್ಲ. ಗರಿಕೆಯ ಕುಡಿಯಲ್ಲಾದರೋ ಬೆರಳು ಗೆಣ್ಣಿನಿಂದ ಗೆಣ್ಣಿಗೆ ಎಡವುತ್ತ ಹೋಗುತ್ತದೆ. ಗರಿಗಳು ಹೊರಡುವ ದಿಕ್ಕನ್ನೂ ನೋಡಿದೆವು. ಹುಲ್ಲಿನಲ್ಲಿ ಗರಿಗಳು ಎಡಕ್ಕೊಂದು ಬಲಕ್ಕೊಂದು, ಎರಡೇ ಸಾಲು. ಇದರಲ್ಲಿ ಮೇಲಿನಿಂದ ಕಣ್ಣಿಟ್ಟು ನೋಡಿದರೆ ಮೂರು ದಿಕ್ಕಿಗೆ ಮೂರು ಸಾಲು, ಒಲೆಯ ಮೂರು ಗುಂಡುಗಳ ಹಾಗೆ.

ಇದು ಜೇಕು. ಶಾಸ್ತ್ರದ ಹೆಸರು ಸೈಪರಸ್ ರೊಟಂಡಸ್. ಹುಲ್ಲಿನ ಕುಟುಂಬಕ್ಕೆ ಸೇರಿದ್ದಲ್ಲ. ಅದರದೇ ಬೇರೆ ಕುಟುಂಬ. ಜಗತ್ತಿನ ಕಳೆಗಳನ್ನೆಲ್ಲ ತೂಗಿ ನೋಡಿದ ತಜ್ಞರು 1970ರ ದಶಕದಲ್ಲಿ ಅತಿ ಕೆಟ್ಟ ಕಳೆಯೆಂದು ಮೊದಲ ಸ್ಥಾನ ಕೊಟ್ಟದ್ದು ಪಾರ್ಥೇನಿಯಂಗೂ ಅಲ್ಲ, ಲಂಟಾನಾಗೂ ಅಲ್ಲ, ಈ ಜೇಕಿಗೆ.

ಚಿಕ್ಕಪ್ಪನಿಗೆ ಒಂದು ಅನುಮಾನ ಉಳಿಯಿತು. ಒಳ್ಳೆಯ ಅನುಮಾನವೇ. "ಹುಲ್ಲನ್ನೆಲ್ಲ ಸಾಯಿಸುವ ಔಷಧಿ ಈರುಳ್ಳಿಯನ್ನು ಯಾಕೆ ಸಾಯಿಸುವುದಿಲ್ಲ? ಅದರ ಎಲೆಯೂ ಉದ್ದಕ್ಕೇ ಇರುತ್ತದಲ್ಲ?" ಉತ್ತರ ಅವರ ಪ್ರಶ್ನೆಯಲ್ಲೇ ಇತ್ತು. ಈರುಳ್ಳಿಯೂ ಹುಲ್ಲಿನಂತೆ ಒಂದೇ ಬೀಜದಳದ ಗಿಡ, ಆದರೆ ಹುಲ್ಲಿನ ಕುಟುಂಬದ್ದಲ್ಲ. ಕ್ವಿಜಾಲೋಫಾಪ್ ತಡೆಯುವ ಕಿಣ್ವ ಹುಲ್ಲಿನ ಕುಟುಂಬದಲ್ಲಿ ಮಾತ್ರ ಅದಕ್ಕೆ ಸುಲಭವಾಗಿ ಸಿಕ್ಕಿಬೀಳುವ ರೂಪದಲ್ಲಿದೆ. ಈರುಳ್ಳಿ ಯಾವ ಕಾರಣಕ್ಕೆ ಉಳಿಯಿತೋ ಅದೇ ಕಾರಣಕ್ಕೆ ಜೇಕೂ ಉಳಿಯಿತು. ಬದಲಿಗೆ ಗರಿಕೆ, ಕಾಡುರಾಗಿ ಸತ್ತು ಜಾಗ ಖಾಲಿಯಾದ ಮೇಲೆ ಬಿಸಿಲೂ ನೀರೂ ಗೊಬ್ಬರವೂ ಪೂರ್ತಿ ಜೇಕಿನ ಪಾಲಾಯಿತು. ಚಿಕ್ಕಪ್ಪ ದುಡ್ಡು ಕೊಟ್ಟು ಅದರ ಎದುರಾಳಿಗಳನ್ನು ಹೊಲದಿಂದ ಓಡಿಸಿದ್ದರು.

ಅಂಗಡಿಯಲ್ಲಿ ನಡೆದದ್ದೇನೆಂದು ಬಿಡಿಸಿ ಕೇಳಿದೆ. "ಈರುಳ್ಳಿಯಲ್ಲಿ ಹುಲ್ಲು ಬಿದ್ದಿದೆ, ಹುಲ್ಲಿಗೆ ಔಷಧಿ ಕೊಡಿ" ಎಂದಿದ್ದರು. ಅಂಗಡಿಯವನು ಹುಲ್ಲಿಗೇ ಕೊಟ್ಟಿದ್ದ. ತಪ್ಪು ಯಾರದು ಎಂದರೆ ನಾನು ನಮ್ಮ ಮಾತಿನ ಮೇಲೆ ಹಾಕುತ್ತೇನೆ. ಕನ್ನಡದಲ್ಲಿ ಇದನ್ನು ಜೇಕು ಹುಲ್ಲು ಎನ್ನುತ್ತೇವೆ, ತುಂಗೆ ಹುಲ್ಲು ಎನ್ನುತ್ತೇವೆ. ಉದ್ದ ಗರಿಯಿದ್ದು ದನ ಮೂಸಿ ನೋಡುವುದೆಲ್ಲ ನಮಗೆ ಹುಲ್ಲೇ. ಮಾತಿನಲ್ಲಿ ಹಾಗಿದ್ದರೆ ಏನೂ ಕೆಡುವುದಿಲ್ಲ. ಔಷಧಿ ಅಂಗಡಿಗೆ ಹೋದಾಗ ಆ ಒಂದು ಪದ ಎರಡು ಎಕರೆಯ ಖರ್ಚು ತಂದಿಡುತ್ತದೆ.

ಮೂರು ಹೆಸರು, ಒಂದು ಗಡ್ಡೆ

ನಾವು ಹೀಗೆ ದಂಟು ಕೊಯ್ಯುತ್ತ ಕೂತದ್ದನ್ನು ಕಳೆ ಕೀಳಲು ಬಂದ ಹೆಂಗಸರು ನೋಡುತ್ತಿದ್ದರು. ಅವರಲ್ಲಿ ಹಿರಿಯರೊಬ್ಬರು, "ಇದಕ್ಕೆ ಬ್ಲೇಡು ಯಾಕೆ ಸ್ವಾಮಿ? ಇದು ತುಂಗೆ. ಮೇಲೆ ಕಿತ್ತರೆ ಹೂವು ಬಿಡಿಸಿದ ಹಾಗೆ ಬರುತ್ತದೆ, ಗಡ್ಡೆ ಒಳಗೇ ಕೂತಿರುತ್ತದೆ. ಎಂಟು ದಿನಕ್ಕೆ ಮತ್ತೆ ತಲೆ ಎತ್ತುತ್ತದೆ" ಎಂದರು. ಔಷಧಿ ತರುವ ಮುಂಚೆ ಅವರನ್ನು ಯಾರಾದರೂ ಕೇಳಿದ್ದರೆ? ಕೇಳಿರಲಿಲ್ಲ. ಕೂಲಿಗೆ ಬಂದವರನ್ನು ಕಳೆ ಕೀಳಿ ಎನ್ನುತ್ತೇವೆಯೇ ಹೊರತು ಇದು ಯಾವ ಕಳೆ ಎಂದು ಕೇಳುವುದಿಲ್ಲ.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದಾಗ ಇನ್ನೊಂದು ತಮಾಷೆ. ಹಿತ್ತಲಿನ ಕನಕಾಂಬರದ ಪಾತಿಯಲ್ಲಿ ಅದೇ ಗಿಡ! ಚಿಕ್ಕಮ್ಮ ಅದನ್ನು ಕೊನ್ನಾರಿ ಎನ್ನುತ್ತಾರೆ. ಅವರ ತವರಿನ ಹೆಸರು. ನಾಲ್ಕು ತಿಂಗಳಿಂದ ವಾರಕ್ಕೊಮ್ಮೆ ಕೀಳುತ್ತಿದ್ದಾರೆ. ಅದರ ಗಡ್ಡೆಯನ್ನು ಒಣಗಿಸಿ ಸೀಗೆಪುಡಿಯ ಜೊತೆ ಕುಟ್ಟುತ್ತಿದ್ದ ತಮ್ಮ ಅಜ್ಜಿಯನ್ನೂ ನೆನೆದರು. ಗ್ರಂಧಿಗೆ ಅಂಗಡಿಯಲ್ಲಿ ಭದ್ರಮುಷ್ಟಿ ಎಂದು ಕೊಡುವುದು ಇದನ್ನೇ. ಗಂಡನಿಗೆ ಹೊಲದಲ್ಲಿ ಜೇಕು, ಹೆಂಡತಿಗೆ ಹಿತ್ತಲಲ್ಲಿ ಕೊನ್ನಾರಿ, ಆಳಿಗೆ ತುಂಗೆ. ಮೂವರಿಗೂ ಮೂರು ಕಳೆ ಎಂದೇ ಲೆಕ್ಕವಿತ್ತು. ಹಿತ್ತಲಿಗೂ ಹೊಲಕ್ಕೂ ಅದು ಒಂದೇ ದಾರಿಯಲ್ಲಿ ಬಂದಿರಬೇಕು ಎಂಬುದು ಅದರಿಂದಲೇ ಯಾರಿಗೂ ಹೊಳೆದಿರಲಿಲ್ಲ.

ಸಂಜೆ ಗುಂಡಿ ತೋಡಿದೆವು. ಕಳೆ ದಟ್ಟವಾಗಿದ್ದ ಜಾಗದಲ್ಲಿ ಒಂದು ಅಡಿ ಉದ್ದ, ಒಂದು ಅಡಿ ಅಗಲ, ಅರ್ಧ ಅಡಿ ಆಳ. ಮೇಲೆ ಕಾಣುತ್ತಿದ್ದ ಬುಡಗಳು ಒಂಬತ್ತು. ಮಣ್ಣನ್ನು ಗೋಣಿತಟ್ಟಿನ ಮೇಲೆ ಸುರಿದು ಬೆರಳಲ್ಲಿ ಪುಡಿ ಮಾಡಿ ಆರಿಸಿದಾಗ ಸಿಕ್ಕ ಗಡ್ಡೆಗಳು ಮೂವತ್ತೊಂದು. ಕೆಲವು ಕಡಲೆಕಾಳಿನಷ್ಟು, ಬೆಳ್ಳಗೆ, ಉಗುರು ನಾಟುವಷ್ಟು ಎಳಸು. ಕೆಲವು ಅಡಿಕೆಯ ಅರ್ಧದಷ್ಟು, ಕರಿಗಂದು, ಮೈತುಂಬ ಒರಟು ನಾರು. ಮುರಿದು ಮೂಸಿದರೆ ಕರ್ಪೂರ ಬೆರೆತ ಹಸಿಮಣ್ಣಿನ ವಾಸನೆ. ಅದಕ್ಕಿಂತ ಮುಖ್ಯವಾದದ್ದು, ಅವು ಬಿಡಿಬಿಡಿಯಾಗಿರಲಿಲ್ಲ. ತಂತಿಯಂಥ ಕರಿಬೇರಿನಿಂದ ಒಂದಕ್ಕೊಂದು ಪೋಣಿಸಿಕೊಂಡಿದ್ದವು, ಜಪಮಾಲೆಯ ಮಣಿಗಳ ಹಾಗೆ. ನನ್ನ ಕೈಗೆ ತುಂಡಾಗದೆ ಬಂದ ಉದ್ದದ ಸರದಲ್ಲಿ ಆರು ಮಣಿಗಳಿದ್ದವು.

ಈ ಸರವನ್ನು ಅರ್ಥ ಮಾಡಿಕೊಂಡರೆ ಜೇಕು ಅರ್ಥವಾದಂತೆ. ಸರ ಇಡಿಯಾಗಿರುವ ತನಕ ತುದಿಯ ಗಡ್ಡೆ ಮೊಳೆಯುತ್ತದೆ, ಹಿಂದಿನವು ಹೆಚ್ಚಾಗಿ ನಿದ್ದೆ ಮಾಡುತ್ತವೆ. ಸರ ತುಂಡಾಯಿತೋ, ಒಂದೊಂದು ಗಡ್ಡೆಯೂ ತನ್ನ ಯಜಮಾನ ತಾನೇ ಎಂದು ಮೊಳಕೆ ಬಿಡುತ್ತದೆ. ಬೀಜದ ಮೇಲೆ ಈ ಗಿಡಕ್ಕೆ ಹೆಚ್ಚು ಭರವಸೆಯಿಲ್ಲ, ಹಬ್ಬುವುದೆಲ್ಲ ಗಡ್ಡೆಯಿಂದ. ಹಾಗಾದರೆ ಬಿತ್ತನೆಗೆ ಮುಂಚೆ ಹೊಲಕ್ಕೆ ಏನು ಮಾಡಿಸಿದ್ದೆ ಎಂದು ಚಿಕ್ಕಪ್ಪನನ್ನು ಕೇಳಿದೆ. "ಮಣ್ಣು ಸಣ್ಣಗೆ ಆಗಲಿ ಎಂದು ಮೂರು ಸಲ ರೋಟವೇಟರ್ ಹೊಡೆಸಿದೆ" ಎಂದರು, ಹೆಮ್ಮೆಯಿಂದ. ರೋಟವೇಟರಿನ ಅಲಗುಗಳು ಅರ್ಧ ಅಡಿಯೊಳಗೆ ಸುತ್ತುತ್ತವೆ. ಗಡ್ಡೆಗಳ ಬಹುಪಾಲೂ ಅಲ್ಲೇ. ಒಂದು ಸರವನ್ನು ಆರು ಗಿಡ ಮಾಡಲು ಇದಕ್ಕಿಂತ ಒಳ್ಳೆಯ ಯಂತ್ರವನ್ನು ಜೇಕೇ ಕೂತು ಯೋಚಿಸಿದರೂ ಕಂಡುಹಿಡಿಯಲಾರದು.

ಗಡ್ಡೆ ಬಂದ ದಾರಿ

ಮರುದಿನ ಬೆಳಿಗ್ಗೆ ಬಿಸಿಲೇರುವ ಮುಂಚೆ ಹೊಲವನ್ನು ಉದ್ದಕ್ಕೂ ಅಡ್ಡಕ್ಕೂ ನಡೆದೆ. ಜೇಕು ಎಲ್ಲ ಕಡೆ ಒಂದೇ ಸಮನೆ ಇರಲಿಲ್ಲ. ದಟ್ಟವಾದ ಮಚ್ಚೆಗಳು, ಒಂದರಿಂದ ಒಂದಕ್ಕೆ ಹದಿನೈದು ಇಪ್ಪತ್ತು ಹೆಜ್ಜೆ, ಸಾಲಾಗಿ. ಮಚ್ಚೆಗಳ ನಡುವೆ ತೆಳುವಾಗಿ ಹರಡಿತ್ತು. ಹೊಲದ ತೆಂಕಣ ಮೂಲೆಯಲ್ಲಿ ಸುಮಾರು ಕಾಲು ಎಕರೆಯಲ್ಲಿ ಒಂದು ಬುಡವೂ ಇರಲಿಲ್ಲ. ಗಾಳಿಗೆ ಹಾರಿ ಬಂದ ಬೀಜ ಸಾಲು ಹಿಡಿದು ಬೀಳುವುದಿಲ್ಲ. ಅಷ್ಟು ಅಳತೆಯಲ್ಲಿ ಗುಡ್ಡೆ ಹಾಕುವುದು ಟ್ರ್ಯಾಕ್ಟರಿನ ಟ್ರೈಲರ್ ಮಾತ್ರ.

"ಬೇಸಿಗೆಯಲ್ಲಿ ಏನು ಹೊಡೆಸಿದ್ದೆ ಚಿಕ್ಕಪ್ಪ?"

"ಕೆರೆಗೋಡು. ಇಪ್ಪತ್ತೆರಡು ಲೋಡು. ಆ ಮೂಲೆಗೆ ಸಾಲಲಿಲ್ಲ."

ಊರ ಕೆರೆ ಆ ವರ್ಷ ಏಪ್ರಿಲ್ ಹೊತ್ತಿಗೆ ಬತ್ತಿತ್ತು. ಗೋಡು, ಅಂದರೆ ಕೆರೆಯ ಹೂಳುಮಣ್ಣು, ತೋಡಿಕೊಳ್ಳಲು ಊರಿನವರಿಗೆಲ್ಲ ಅವಕಾಶವಿತ್ತು. ಚಿಕ್ಕಪ್ಪ ಗೋಡು ತೆಗೆಸಿದ್ದು ಕೆರೆಯ ನಡುವಿನಿಂದಲ್ಲ, ಟ್ರ್ಯಾಕ್ಟರ್ ಹೂತುಹೋಗದಿರಲಿ ಎಂದು ಅಂಚಿನಿಂದ. ನೀರು ಹಿಂದೆ ಸರಿದಂತೆ ಜೇಕು ಹಬ್ಬುವುದೂ ಆ ಅಂಚಿನಲ್ಲೇ. ನಾವು ಹೋಗಿ ನೋಡಿದಾಗ ಅಲ್ಲಿ ಹಂದಿಗಳು ಮೂತಿಯಿಂದ ನೆಲ ಉತ್ತಿದ್ದ ಗುರುತು ಕೂಡ ಇತ್ತು. ಹಂದಿಗೆ ಈ ಗಡ್ಡೆ ಎಂದರೆ ಪ್ರಾಣ. ಕೆರೆಯಂಗಳದಲ್ಲಿ ಹಂದಿ ಕೆದಕಿದ ಜಾಗ ಕಂಡರೆ ಆ ಮಣ್ಣನ್ನು ಹೊಲಕ್ಕೆ ತರುವ ಮುನ್ನ ಎರಡು ಸಲ ಯೋಚಿಸಬೇಕು ಎಂಬುದು ನಾನು ಅಂದು ಕಲಿತದ್ದು. ಚಿಕ್ಕಮ್ಮನ ಕನಕಾಂಬರಕ್ಕೆ ಎರಡು ಬುಟ್ಟಿ ಹೋದದ್ದೂ ಅದೇ ಗೋಡು.

ಕೆರೆಗೋಡು ಹಾಕಬಾರದು ಎಂದು ನಾನು ಹೇಳುವುದಿಲ್ಲ. ಆ ಕೆಂಪು ಮರಳು ನೆಲಕ್ಕೆ ಅದು ಹಾಲು ತುಪ್ಪ. ಗೋಡು ಬಿದ್ದ ಜಾಗದ ಈರುಳ್ಳಿ ಆ ಮೂಲೆಯದಕ್ಕಿಂತ ದಪ್ಪಗಿತ್ತು, ಜೇಕಿನ ನಡುವೆಯೂ.

ಬೇರೆ ಕಳೆಗಳ ವಿಷಯವನ್ನು ಬೇಗ ಮುಗಿಸುತ್ತೇನೆ. ಬದುವಿನ ಮೇಲೆ ಕ್ಯಾರೆಟ್ ಸೊಪ್ಪಿನಂಥ ಎಲೆಯನ್ನು ನೆಲಕ್ಕೆ ಚಕ್ರದ ಹಾಗೆ ಹಾಸಿಕೊಂಡ ಸಸಿಗಳಿದ್ದವು, ಪಾರ್ಥೇನಿಯಂ. ಬಿಳಿ ಹೂವು ಬಂದ ಮೇಲೆ ಕಾಂಗ್ರೆಸ್ ಗಿಡ ಎಂದು ಮಕ್ಕಳೂ ಗುರುತಿಸುತ್ತಾರೆ. ಆಗ ಕಿತ್ತರೆ ಬೀಜ ಉದುರಿ ಹೋಗಿರುತ್ತದೆ, ಮೈ ತುರಿಕೆಯೂ ಬರುತ್ತದೆ. ಚಕ್ರದ ಹಂತದಲ್ಲೇ ಕೈಗೆ ಪ್ಲಾಸ್ಟಿಕ್ ಸುತ್ತಿಕೊಂಡು ಕೀಳಿಸಿದೆವು. ಇನ್ನು ಗೋಣಿಸೊಪ್ಪು, ಕೀರೆ, ಹೊನಗೊನ್ನೆ. ಇವುಗಳನ್ನು ಕಳೆ ಎಂದರೆ ಹೆಂಗಸರು ನಗುತ್ತಾರೆ. ಸಂಜೆ ಮಡಿಲು ತುಂಬಿ ಮನೆಗೆ ಹೋಗುವುದು ಇವೇ, ರಾತ್ರಿ ಮಸ್ಸೊಪ್ಪಾಗುವುದೂ ಇವೇ. ಹುಲ್ಲಿನ ಔಷಧಿ ಇವನ್ನು ಮುಟ್ಟಿರಲಿಲ್ಲ, ನಳನಳಿಸುತ್ತಿದ್ದವು. ಔಷಧಿ ಬಿದ್ದ ಹೊಲ, ಈ ಬೆಳೆ ಮುಗಿಯುವ ತನಕ ಇಲ್ಲಿಯ ಸೊಪ್ಪು ಬೇಡವೆಂದು ಕೈಮುಗಿದು ಕೇಳಿಕೊಂಡೆ. ಒಪ್ಪಿದರೋ, ನನ್ನ ಮುಂದೆ ತಲೆಯಾಡಿಸಿದರೋ ದೇವರೇ ಬಲ್ಲ.

ಮಾಡಿದ್ದು, ಆಗಿದ್ದು

ಆ ಹಂಗಾಮಿಗೆ ಕೈಯಲ್ಲಿದ್ದ ದಾರಿ ಕಡಿಮೆ. ಜೇಕಿಗೆಂದೇ ಸಿಗುವ ಹ್ಯಾಲೋಸಲ್ಫ್ಯೂರಾನ್ ಮೀಥೈಲ್ ನಮ್ಮಲ್ಲಿ ಕಬ್ಬಿಗೆ ಬಳಸುವಂಥದು, ಈರುಳ್ಳಿಯ ಮೇಲೆ ಹೊಡೆಯುವಂಥದಲ್ಲ. ಗ್ಲೈಫೋಸೇಟ್ ಎಲೆಯಿಂದ ಗಡ್ಡೆಗೆ ಇಳಿಯುತ್ತದೆ ನಿಜ, ಆದರೆ ಈರುಳ್ಳಿಯನ್ನೂ ಉಳಿಸುವುದಿಲ್ಲ. 2022ರಲ್ಲಿ ಕೇಂದ್ರ ಸರ್ಕಾರ ಅದನ್ನು ಪರವಾನಗಿ ಪಡೆದ ಕೀಟ ನಿಯಂತ್ರಕರ ಹೊರತು ಬೇರೆಯವರು ಸಿಂಪಡಿಸಬಾರದೆಂದು ಅಧಿಸೂಚನೆಯನ್ನೂ ಹೊರಡಿಸಿತ್ತು. ಪಕ್ಕದ ಹೊಲದವರು ಮೊಬೈಲಿಗೆ ಬಂದ ಒಂದು ಮದ್ದು ತೋರಿಸಿದರು: ಉಪ್ಪು, ಸೋಪಿನ ಪುಡಿ, ಯೂರಿಯಾ ಕಲಸಿ ಹೊಡೆಯುವುದು. ಉಪ್ಪು ಸುರಿದ ನೆಲದಲ್ಲಿ ಮುಂದೆ ಏನು ಬೆಳೆಯುತ್ತೀರಿ ಎಂದು ಕೇಳಿದೆ. ಮಾತು ಅಲ್ಲಿಗೇ ನಿಂತಿತು.

ಉಳಿದದ್ದು ಕೈಕೆಲಸ. ಎಂಟು ಹೆಂಗಸರು, ಮೂರು ದಿನ, ಆಳಿಗೆ 350 ರೂಪಾಯಿ. ಮೇಲೆ ಹಿಡಿದು ಕೀಳದೆ ಕುರ್ಪಿ ಹಾಕಿ ಗಡ್ಡೆ ಸಮೇತ ಎತ್ತಬೇಕೆಂಬುದು ಕರಾರು. ಆ ತುಂಗೆಯಜ್ಜಿಯೇ ಮೇಸ್ತ್ರಿ. ಎತ್ತಿದ್ದನ್ನು ಬದುವಿಗೆ ಎಸೆಯದೆ ಗೋಣಿಯಲ್ಲಿ ತುಂಬಿ ರಸ್ತೆಯ ಪಕ್ಕದ ಬಂಡೆಯ ಮೇಲೆ ಹರಡಿದೆವು. ಈರುಳ್ಳಿಯ ಎಲೆ ನೆಟ್ಟಗೆ ನಿಲ್ಲುತ್ತದೆ, ನೆಲಕ್ಕೆ ನೆರಳು ಕೊಡುವುದಿಲ್ಲ. ಹಾಗಾಗಿ ಎರಡನೆಯ ಸಲ, ಮೂರನೆಯ ಸಲವೂ ಕೈ ಹಾಕಬೇಕಾಯಿತು. ಇಳುವರಿ ಏನೋ ಬಂತು. ಲಾಭ ಎಂದು ಹೇಳಿಕೊಳ್ಳುವಂಥದ್ದು ಬರಲಿಲ್ಲ.

ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ಹೇಗೆ ಎಂದು ಚಿಕ್ಕಪ್ಪ ಕೇಳಿದ್ದರು. ಹಿರಿಯೂರಿನ ಬಳಿ ಒಂದು ಕಲ್ಲಂಗಡಿ ಹೊಲಕ್ಕೆ ಕರೆದುಕೊಂಡು ಹೋಗಿ ತೋರಿಸಿದೆ. ಹಾಳೆಯ ಕೆಳಗೆ ಪಾರ್ಥೇನಿಯಂ ಇಲ್ಲ, ಕೀರೆ ಇಲ್ಲ. ಜೇಕು ಮಾತ್ರ ದಬ್ಬಣದಂಥ ಮೊಳಕೆಯಿಂದ ಹಾಳೆಯನ್ನೇ ಚುಚ್ಚಿ ಹೊರಬಂದಿತ್ತು. ನೂರಾರು ತೂತು. ಅವರು ಒಂದು ತೂತಿಗೆ ಬೆರಳಿಟ್ಟು ನೋಡಿ ಸುಮ್ಮನೆ ಬೈಕ್ ಹತ್ತಿದರು.

ನಿಜವಾದ ಕೆಲಸ ಶುರುವಾದದ್ದು ಕೊಯ್ಲಿನ ನಂತರ. ಜೇಕಿಗೆ ಎರಡು ಶತ್ರುಗಳಿವೆ: ಒಣಗು ಮತ್ತು ನೆರಳು. ಮೊದಲನೆಯದನ್ನು ನಂಬಿಸಲು ನಾನೊಂದು ಸಣ್ಣ ಪರೀಕ್ಷೆ ಮಾಡಿದೆ. ಏಪ್ರಿಲ್‌ನಲ್ಲಿ ಹತ್ತು ಗಡ್ಡೆಗಳನ್ನು ತಾರಸಿಯ ಮೇಲೆ ಹದಿನೈದು ದಿನ ಬಿಸಿಲಿಗಿಟ್ಟೆ, ಇನ್ನು ಹತ್ತನ್ನು ಬಚ್ಚಲ ಪಕ್ಕದಲ್ಲಿ ಒದ್ದೆ ಗೋಣಿಯೊಳಗೆ. ಆಮೇಲೆ ಎರಡನ್ನೂ ಬೇರೆ ಬೇರೆ ಕುಂಡದಲ್ಲಿ ನೆಟ್ಟು ನೀರು ಹಾಕಿದೆ. ಒದ್ದೆ ಗೋಣಿಯ ಎಂಟು ಮೊಳೆತವು. ತಾರಸಿಯದರಲ್ಲಿ ಒಂದೂ ಏಳಲಿಲ್ಲ. ಚಿಕ್ಕಪ್ಪ ಆ ಖಾಲಿ ಕುಂಡವನ್ನು ನೋಡಿದ ದಿನವೇ ಮಣ್ಣನ್ನು ಅಡಿಮೇಲು ಮಗುಚುವ ಎಂ.ಬಿ. ನೇಗಿಲಿಗೆ ಹೇಳಿ ಕಳಿಸಿದರು. ರೋಟವೇಟರ್ ಬೇಡ, ಹೆಂಟೆ ಹೆಂಟೆಯಾಗಿ ಮಗುಚಲಿ, ಹೆಂಟೆ ಒಡೆಯುವುದೂ ಬೇಡ. ಬೇಸಿಗೆಯಲ್ಲಿ ಎರಡು ಸಲ ಹೀಗೆ ಮಗುಚಿದೆವು. ನಡುವೆ ಒಂದು ಅಕಾಲ ಮಳೆ ಬಿದ್ದು ಕೆಲವು ಗಡ್ಡೆ ಬದುಕಿಕೊಂಡವು; ಬೇಸಿಗೆಯ ಮಳೆಯನ್ನು ಬೈದ ರೈತನನ್ನು ನಾನು ನೋಡಿದ್ದು ಅದೇ ಮೊದಲು.

ಮುಂದಿನ ಮುಂಗಾರಿಗೆ ಈರುಳ್ಳಿಯನ್ನು ಬಿಟ್ಟು ಮೇವಿನ ಜೋಳವನ್ನು ಒತ್ತಾಗಿ ಬಿತ್ತಿದೆವು. ಎರಡು ತಿಂಗಳಲ್ಲಿ ಅದು ಆಳೆತ್ತರ ನಿಂತು ಕೆಳಗೆ ಕತ್ತಲೆ ಕವಿಯಿತು. ಜೇಕು ಬಿಸಿಲಿನ ಗಿಡ. ಅಲ್ಲಿ ಬಂದದ್ದೆಲ್ಲ ಬಿಳಿಚಿಕೊಂಡ, ದಾರದಂಥ ಗರಿಗಳು. ಹೂವು ಬಿಡುವ ತಾಕತ್ತೂ ಇರಲಿಲ್ಲ. ಜೋಳ ಕೊಯ್ದ ಮೇಲೆ ಹಿಂದೆ ಗುಂಡಿ ತೋಡಿದ್ದ ಮಚ್ಚೆಯಲ್ಲೇ, ಪಕ್ಕಕ್ಕೆ ಸರಿದು ಮತ್ತೆ ಒಂದು ಅಡಿ ಚೌಕ ತೋಡಿ ಎಣಿಸಿದೆ: ಹನ್ನೆರಡು. ಮರುವರ್ಷ ಮೇ ತಿಂಗಳಲ್ಲಿ ಐದು. ಒಂದೇ ಹೊಲದ ಒಂದೇ ಮಚ್ಚೆಯ ಲೆಕ್ಕ ಇದು. ಇದನ್ನು ಹಿಡಿದು ಎಲ್ಲ ಹೊಲಕ್ಕೂ ಅಂಕಿ ಹೇಳುವ ಧೈರ್ಯ ನನಗಿಲ್ಲ.

ಮೂರನೆಯ ವರ್ಷ ಒಂದೂವರೆ ಎಕರೆಗೆ ಈರುಳ್ಳಿ ಮರಳಿ ಬಂತು. ಕಳೆಗೆ ಒಂದೇ ಸಲ ಆಳು ಬೇಕಾದರು. ಆ ಬೇಸಿಗೆಯಲ್ಲೂ ಚಿಕ್ಕಪ್ಪ ಕೆರೆಗೋಡು ಹೊಡೆಸಿದರು, ಆದರೆ ನೇರ ಹೊಲಕ್ಕಲ್ಲ. ಒಂದು ಲೋಡನ್ನು ಮೊದಲು ಕಣದಲ್ಲಿ ಮೊಳಕಾಲೆತ್ತರ ಹರಡಿ ಮೂರು ವಾರ ನೀರು ಚಿಮುಕಿಸಿದರು. ಏನು ಮೊಳೆಯುತ್ತದೆ ನೋಡೋಣ ಎಂದು ದಿನಾ ಬೆಳಿಗ್ಗೆ ಹಲ್ಲುಜ್ಜುತ್ತ ಅಲ್ಲೇ ಸುತ್ತು ಹಾಕುತ್ತಿದ್ದರು. ಕೆರೆಯ ನಡುವಿನ ಗೋಡು ಅದು. ತುಂಬೆ, ಕೀರೆ ಬಂದವು, ಜೇಕು ಬರಲಿಲ್ಲ. ಆಮೇಲೆ ಉಳಿದ ಲೋಡುಗಳನ್ನು ತರಿಸಿದರು.

ಉಳಿದ ಅರ್ಧ ಎಕರೆ ಇನ್ನೂ ತಲೆನೋವು. ಬೋರ್‌ವೆಲ್ಲಿನ ಪೈಪು ಸೋರುವ ಕಡೆಯ ಮಚ್ಚೆ ಅದು. ನೆಲ ಬೇಸಿಗೆಯಲ್ಲೂ ಒಣಗುವುದಿಲ್ಲ, ಮಗುಚಿದ ಗಡ್ಡೆ ಸಾಯುವುದಿಲ್ಲ. ಹೋದ ತಿಂಗಳು ಎಣಿಸಿದಾಗ ಹದಿನಾಲ್ಕಿದ್ದವು. ಪೈಪಿನ ಜಾಯಿಂಟ್ ಬದಲಿಸುತ್ತೇನೆ ಎಂದು ಚಿಕ್ಕಪ್ಪ ಎರಡು ವರ್ಷದಿಂದ ಹೇಳುತ್ತಲೇ ಇದ್ದಾರೆ. ಅಲ್ಲಿ ಈ ಸಲವೂ ಮೇವಿನ ಜೋಳವೇ.